ಖಾಲಿಯಲ್ಲಿ ಮುಚ್ಚಿಕೊಂಡ ಅಂಗೈ

ಹತ್ತಿ ಬೆಳೆಯುವ ಸೀಮೆಯ ಒಂದು ಊರಿನಲ್ಲಿ ಎಣ್ಣೆ ಗಿರಣಿಯ ಸಾವುಕಾರನೊಬ್ಬ ಇದ್ದ, ತಾಯಂದಿರೇ. ಭಾರೀ ಶ್ರೀಮಂತ. ಮೀಸೆಗೂ ಎಣ್ಣೆ, ಮಾತಿಗೂ ಎಣ್ಣೆ. ಅವನಿಗಿದ್ದದ್ದು ಒಂದೇ ಆಸೆ. ಮಗಳು ನೀಲಗಂಗಾ ಮಠದ ಜಗಲಿಯ ಮೇಲೆ ಕೂತು ಹಾಡಬೇಕು, ಊರೆಲ್ಲ ಕಿವಿಯಾಗಿ ಕೇಳಬೇಕು. ಯಾಕೆ? ತನಗೆ ಹಾಡು ಬರುತ್ತಿರಲಿಲ್ಲ, ಅದಕ್ಕೇ. ನಮಗೆ ಬಾರದ್ದನ್ನೆಲ್ಲ ಮಕ್ಕಳ ತಲೆಗೆ ಕಟ್ಟುವುದರಲ್ಲಿ ನಾವೇನು ಕಡಿಮೆಯೇ?

ಗಿರಣಿಯ ಪಕ್ಕದ ಕೋಣೆಗೆ ಸಂಗೀತದ ಮಾಸ್ತರನನ್ನು ಕರೆಸಿದ. ಓಣಿಯ ಮಕ್ಕಳೂ ಬಂದು ಕೂತವು. ಮೊದಲ ದಿನವೇ ಸಾವುಕಾರ ಕೈಮುಗಿದು ಹೇಳಿದ:

"ಮಾಸ್ತರ್ರ, ಹೊಡೀರಿ, ಬಡೀರಿ, ನನ್ನ ಏನೂ ಕೇಳಬ್ಯಾಡ್ರಿ. ಹುಡುಗಿ ಹಾಡಬೇಕು, ಅಷ್ಟ."

ಪಾಠ ಹೇಗಿತ್ತು ಅಂತೀರಿ? ಮಾಸ್ತರ "ಸಾ ರೇ ಗ" ಅಂದರೆ ಮಕ್ಕಳು "ಸಾ ರೇ ಗ". ಅವನು "ರೇ ಗ ಮ" ಅಂದರೆ ಅವೂ "ರೇ ಗ ಮ". ಗುಬ್ಬಿಮರಿಗಳು ಒಂದೊಂದೇ ಮೆಟ್ಟಿಲು ಜಿಗಿದು ಹತ್ತಿದ ಹಾಗೆ. ಬಾಯಲ್ಲಿ ಸ್ವರ, ಕೈಯಲ್ಲಿ ತಾಳ. ಒಂದು ಚಪ್ಪಾಳೆ, ಇನ್ನೊಂದು ಚಪ್ಪಾಳೆ, ಆಮೇಲೆ ಖಾಲಿ, ಮತ್ತೆ ಚಪ್ಪಾಳೆ. ಖಾಲಿ ಅಂದರೆ ಅಲ್ಲಿ ಪೆಟ್ಟಿಲ್ಲ, ಸದ್ದಿಲ್ಲ. ಅಂಗೈಯನ್ನು ಹೂವಿನಂತೆ ಮೇಲಕ್ಕೆ ಬಿಚ್ಚಿ ಗಾಳಿಗೆ ಒಡ್ಡುವುದು, ಅಷ್ಟೇ.

ಸಾವುಕಾರ ಇತ್ತ ಗೋಡೆಯಾಚೆ, ಗಿರಣಿಯಲ್ಲಿ, ಗಾದಿಗೆ ಒರಗಿ ಕೇಳುತ್ತಿದ್ದ. ಚಪ್ಪಾಳೆ, ಚಪ್ಪಾಳೆ, ಚಟ್! ಮತ್ತೆ ಚಪ್ಪಾಳೆ. ಆ 'ಚಟ್' ಅನ್ನುವುದು ಅವನಿಗೆ ಬಲು ಇಷ್ಟ. ಅದು ಬಂದಾಗಲೆಲ್ಲ ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

"ಕೇಳಿದೇನಲೇ, ತಾಳ ಅಂದ್ರ ಹಿಂಗಿರಬೇಕು," ಎಂದು ಮೂಟೆ ಹೊರುವ ಹಮಾಲನಿಗೆ ಹೇಳುತ್ತಿದ್ದ.

"ಹೌದ್ರೀ ಧಣ್ಯಾರ, ನಮ್ಮ ಗಾಣ ಸೈತ ಅದಕ್ಕ ಕುಣೀಲಿಕ್ಕ ಹತ್ತೈತಿ," ಎಂದು ಅವನು ನಗುತ್ತಿದ್ದ.

ಶ್ರಾವಣ ಬಂತು. ಮಠದ ಜಗಲಿ ತುಂಬ ಮಕ್ಕಳು, ನಡುವೆ ಜರಿಲಂಗದ ನೀಲಗಂಗಾ. ಮಾಸ್ತರ ದೂರ, ಜನರ ನಡುವೆ ಕೂತಿದ್ದ. ಮಕ್ಕಳು ಶುರು ಮಾಡಿದವು. ಆಹಾ, ಎಂಥ ಸ್ವರ! ಒಂದು ಚಪ್ಪಾಳೆ. ಇನ್ನೊಂದು ಚಪ್ಪಾಳೆ. ಖಾಲಿ ಬಂತು.

ನೋಡಿ, ಅಷ್ಟೂ ಮಕ್ಕಳು ಒಟ್ಟಿಗೇ ಕೈಯನ್ನು ಸರಕ್ಕನೆ ಕಂಕುಳಿಗೆ ಎಳೆದುಕೊಂಡವು! ಹೆಗಲು ಕಿವಿಗೆ ತಾಕಿತು, ಕಣ್ಣು ಗಟ್ಟಿಯಾಗಿ ಮುಚ್ಚಿದವು. ಸ್ವರ ಮಾತ್ರ ಒಂದೂ ಬೀಳಲಿಲ್ಲ. ಮುಂದಿನ ಚಪ್ಪಾಳೆಗೆ ಕೈ ಹೊರಗೆ. ಮತ್ತೆ ಖಾಲಿ, ಮತ್ತೆ ಕಂಕುಳಿಗೆ.

"ಏನ್ ಛಂದ ಅಭಿನಯ ಕಲಿಸ್ಯಾನಪ್ಪ ಮಾಸ್ತರ!" ಎಂದು ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಸಾವುಕಾರ.

ಹಾಡು ಮುಗಿಯಿತು. ಸಾವುಕಾರ ಕಲ್ಲುಸಕ್ಕರೆ ಹಿಡಿದು ಜಗಲಿ ಹತ್ತಿದ. "ಎಲ್ಲಿ, ಕೈ ಒಡ್ಡವ್ವಾ ನನ್ನ ರಾಣಿ."

ಮಗು ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟಿತು. ಕಣ್ಣು ಮುಚ್ಚಿತು. "ತಪ್ಪಿಲ್ಲೋ ಯಪ್ಪಾ, ಈ ಸಲ ತಪ್ಪಿಲ್ಲ!"

ಸಕ್ಕರೆ ಅವನ ಕೈಯಿಂದ ಜಾರಿತು. ಜಗಲಿಯ ಮೇಲೆ ಖಾಲಿ ಬಂದಾಗಲೆಲ್ಲ ಸದ್ದೇ ಇರಲಿಲ್ಲವಲ್ಲ? ಹಾಗಾದರೆ ಗಿರಣಿಗೆ ಕೇಳುತ್ತಿದ್ದ ಆ 'ಚಟ್' ಏನು? ಅವನು ತಲೆದೂಗಿದ್ದ, ತಾಯಂದಿರೇ! ಹೆತ್ತ ಮಗಳ ಅಂಗೈಗೆ ಬೆತ್ತ ಬೀಳುವ ಸದ್ದಿಗೆ, ಆಹಾ ಅಂತ ತಲೆದೂಗಿದ್ದ!

ಓಡಿಹೋಗಿ ಮಾಸ್ತರನ ಮುಂದೆ ನಿಂತ. "ಹೊಡೀತೀರೇನ್ರೀ ನೀವು?"

"ಹೂಂ ಮತ್ತ," ಎಂದ ಮಾಸ್ತರ, ಹೆಮ್ಮೆಯಿಂದಲೇ. "ಎಲ್ಲೇ ತಪ್ಪಲಿ, ಖಾಲಿ ಬರೂತನಕ ತಡೀತೀನ್ರಿ. ಆಗ ಕೈ ತಾನ ತೆರೀತೈತಲ್ಲ? ಅಲ್ಲೊಂದು ಕೊಡೂದು. ತಾಳ ಒಂದೀಟೂ ಕೆಡಂಗಿಲ್ಲ. ನಮ್ಮ ಗುರುಗಳೂ ಹಂಗ ಕಲಿಸಿದ್ರು. ಮತ್ತ ಹೊಡೀರಿ ಅಂದಾವ್ರು ನೀವ ಅಲ್ಲೇನ್ರೀ?"

ಸಾವುಕಾರನ ಕಣ್ಣು ಮಾಸ್ತರನ ಕೈ ಮೇಲೆ ಹೋಯಿತು. "ನಿಮ್ಮ ಖಾಲಿ ಒಂದೀಟು ತೋರಸ್ರಿ, ನೋಡೂಣು."

ಮಾಸ್ತರ ತಾಳ ಹಾಕಿದ. ಖಾಲಿ ಬಂತು. ಅಂಗೈ ಮೇಲಕ್ಕೇನೋ ತಿರುಗಿತು, ಬೆರಳು ಬಿಚ್ಚಲಿಲ್ಲ. ಆಮೆಯ ಕಾಲಿನಂತೆ ಒಳಗೆ ಮುದುಡಿದ್ದವು. ಇನ್ನೊಮ್ಮೆ ಹಾಕಿದ. ಬಿಚ್ಚಲಿಲ್ಲ. ತಲೆ ನರೆತ ಆ ಮನುಷ್ಯ ತನ್ನ ಕೈಯನ್ನು ಅಂದೇ ಮೊದಲು ಕಂಡವನಂತೆ ನೋಡುತ್ತ ನಿಂತುಬಿಟ್ಟ.

ಸಾವುಕಾರ ಮಗಳನ್ನು ಕರೆದು, ಅವಳ ಎದುರಿಗೇ ಹೇಳಿದ: "ಮಾಸ್ತರ್ರ, ನಾ ಆಡಿದ ಮಾತು ತಿರುಗಿ ತಗೊಂಡೀನ್ರಿ. ತಪ್ಪಿದ್ರ ನೀವ ಇನ್ನೊಮ್ಮೆ ಹಾಡ್ರಿ. ಅಕಿ ಕೇಳ್ತಾಳ, ಅಕಿನೂ ಹಾಡ್ತಾಳ." ಮರುದಿನ ಮಾಸ್ತರ ಬೆತ್ತವನ್ನು ಗಿರಣಿಯ ಒಲೆಗೆ ಹಾಕಿದ.

ಮಗುವಿನ ಕೈ ಆಗಲೇ ತೆರೆಯಿತೇ? ಇಲ್ಲ. ಬೆತ್ತ ಸುಟ್ಟು ಬೂದಿಯಾದ ಮೇಲೂ ಎಷ್ಟೋ ಕಾಲ ಆ ಕೈ ಖಾಲಿ ಬಂದರೆ ಸಾಕು, ಓಡಿಹೋಗಿ ಅಡಗುತ್ತಿತ್ತು. ಸ್ವರ ಕಲಿಯುವುದಕ್ಕೆ ಹಿಡಿದದ್ದಕ್ಕಿಂತ ಈ ಹೆದರಿಕೆ ಮರೆಯುವುದಕ್ಕೆ ಹೆಚ್ಚು ಕಾಲ ಹಿಡಿಯಿತು.

ಸಾವುಕಾರನ ಮಾತು ಬಿಡಿ. ಈಗ ಇಲ್ಲಿ ಪ್ರವಚನ ಕೇಳುತ್ತ ನಿಮ್ಮ ಪಕ್ಕದಲ್ಲಿ ಮಗು ಕೂತಿದೆಯಲ್ಲ, ಅದರ ತಲೆ ಸವರಲು ಕೈ ಎತ್ತಿ. ಸುಮ್ಮನೆ ಎತ್ತಿ ನೋಡಿ. ಕಣ್ಣು ಮುಚ್ಚಿತೇ? ಹೆಗಲು ಮೇಲೆ ಹೋಯಿತೇ?

ಯಾಕೆ ಎಲ್ಲರೂ ಎತ್ತಿದ ಕೈ ಇಳಿಸಿಬಿಟ್ಟಿರಿ?

ಮಗ್ಗಿ ತಪ್ಪಲಿ, ಸ್ವರ ತಪ್ಪಲಿ, ಹಾಲಿನ ಲೋಟವೇ ಉರುಳಲಿ, ನಿಮ್ಮ ಕೈ ನಿಮ್ಮ ತೊಡೆಯ ಮೇಲಿರಲಿ. ಸರಿಯಾದದ್ದನ್ನು ಇನ್ನೊಮ್ಮೆ ಹೇಳಿ, ಮಾಡಿ ತೋರಿಸಿ, ಕಾಯಿರಿ. ಶಾಲೆಯಲ್ಲೋ ಟ್ಯೂಷನ್ನಿನಲ್ಲೋ "ನಾಲ್ಕು ಬಿಟ್ಟು ಕಲಿಸಿ" ಅಂತ ಹೇಳಿ ಬಂದವರು ಇಲ್ಲಿ ಎಷ್ಟು ಜನ ಇಲ್ಲ? ನಾಳೆ ಬೆಳಿಗ್ಗೆಯೇ ಹೋಗಿ, ಆ ಮಾತು ತಿರುಗಿ ತೆಗೆದುಕೊಳ್ಳಿ. ಮಗುವಿಗೆ ಕೇಳುವ ಹಾಗೆ ತೆಗೆದುಕೊಳ್ಳಿ.

ಇನ್ನೊಂದು. ಇನ್ನು ಸ್ವಲ್ಪ ಹೊತ್ತಿಗೆ ಪ್ರಸಾದ ಹಂಚುತ್ತಾರೆ. "ಕೈ ಒಡ್ಡೇ" ಅಂತ ಯಾರೂ ಗದರಬೇಡಿ. ಸಾಲು ನಿಂತರೆ ನಿಲ್ಲಲಿ. ಆ ಕೈ ತಾನಾಗಿ ತೆರೆಯುವ ತನಕ ಪ್ರಸಾದ ಹಿಡಿದು ನಿಂತಿರಿ.