ಶಂಭುವಿನ ಆರನೇ ತಂತಿ

ಇದು ಗುಳೇದಗುಡ್ಡದಲ್ಲಿ, ನನ್ನ ಚಿಗವ್ವ ಕಾಳವ್ವನ ಮನೆಯಲ್ಲಿ ಆದದ್ದು. ಯಾರೋ ಹೇಳಿ ಕೇಳಿದ್ದಲ್ಲ. ನಾನು ಅಲ್ಲಿದ್ದೆ.

ಬಾದಾಮಿಯಲ್ಲಿ ಶಿಕ್ಷಕರ ತರಬೇತಿ ಮುಗಿಸಿಕೊಂಡು ಬಸ್ಸಿಳಿದಾಗ ರಾತ್ರಿಯಾಗಿತ್ತು. ಚಿಗವ್ವನ ಮನೆಗೆಂದು ಆಟೋ ಹತ್ತಿದೆ. ಆಟೋದ ಮಲೀಕಸಾಬ, ಚಿಗವ್ವನ ಓಣಿಯ ಬಾಯಲ್ಲೇ ಗಾಡಿ ನಿಲ್ಲಿಸಿದ.

"ಇಲ್ಲೇ ಇಳೀರಿ ಟೀಚರ್. ಆ ಬಾವಿ ಕಡಿ ನಾ ಬರೂದಿಲ್ರಿ."

"ಯಾಕೋ?"

"ಮನ್ಯಾಗ ಹೆಂಡ್ತಿ ಕಾಯಾಕತ್ತಾಳ್ರಿ. ನನ್ನ ಕಾಯಾಕ ಆಕಿ ಒಬ್ಬಾಕಿನ ಸಾಕು."

ನಗುತ್ತಲೇ ಹೇಳಿದ. ಆದರೆ ಗಾಡಿ ತಿರುಗಿಸುವಾಗ ಬಾವಿಯ ಕಡೆ ನೋಡಲಿಲ್ಲ.

ಕರೆಂಟು ಹೋಗಿತ್ತು. ಸದಾ ಖಟಕ್... ಖಟಕ್ ಎನ್ನುವ ಓಣಿಯಲ್ಲಿ ಒಂದು ಮಗ್ಗವೂ ನಡೆಯುತ್ತಿರಲಿಲ್ಲ. ಬಾವಿ ದಾಟುವಾಗ ಕೇಳಿಸಿತು. ಕಿರ್ರ್... ಆಮೇಲೆ ಏನೂ ಇಲ್ಲ. ಮತ್ತೆ, ಕಿರ್ರ್... ಎಣ್ಣೆ ಕಾಣದ ರಾಟೆ ಭಾರ ಎಳೆಯುವಾಗ ಬರುವ ಸಪ್ಪಳ.

ಆ ಬಾವಿಗೆ ರಾಟೆ ಇಲ್ಲ.

ಮೊದಲು ಇತ್ತು. ಹೋದ ಬೇಸಿಗೆಯಲ್ಲಿ ಕಾಳವ್ವನ ಹಿರಿಯ ಮಗ ಶಂಭು, ನೀರಿಗೆ ಬಿದ್ದ ಪಂಪು ಎತ್ತಲೆಂದು ಅದರಲ್ಲಿ ಇಳಿದಿದ್ದ. ಮೇಲೆ ಹಗ್ಗ ಹಿಡಿದು ನಿಂತವನು ತಮ್ಮ ಸೋಮಲಿಂಗ. ಎಳೆದಾಗ ಹಗ್ಗ ಬರಿದೇ ಬಂತು. ಹೆಣ ತೆಗೆದ ಮೇಲೆ ಓಣಿಯವರು ರಾಟೆ ಕಿತ್ತು, ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿದರು.

ಸಾವಾದರೆ ಮಗ್ಗದ ಹಾಸನ್ನು, ಉದ್ದಕ್ಕೆ ಬಿಗಿದ ಎಳೆಗಳನ್ನು, ಸಡಿಲು ಬಿಡುವುದು ಆ ಮನೆಯ ರೂಢಿ. ಶಂಭು ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದ. ಚಿಗವ್ವ ಅದರ ತಂತಿಗಳನ್ನೂ ಸಡಿಲು ಮಾಡಿಸಿದ್ದಳು. ಆಮೇಲೆ ಮಗ್ಗವನ್ನೇನೋ ಬಿಗಿದರು, ಗಿಟಾರು ಗೋಡೆಯಲ್ಲೇ ಉಳಿಯಿತು. ನಾನು ಹೋದ ರಾತ್ರಿಯ ಮರುದಿನ ಬಾಗಲಕೋಟೆಯಲ್ಲಿ ಸೋಮಲಿಂಗ ಅಣ್ಣನ ಜಾಗದಲ್ಲಿ ನುಡಿಸಬೇಕಿತ್ತು. ಅದಕ್ಕೆಂದು ಗಿಟಾರು ಇಳಿಸಿದ್ದ.

ಒಳಗೆ ಕತ್ತಲು. ಅವನು ಚಾಪೆಯ ಮೇಲೆ ಗಿಟಾರು ಹಿಡಿದು ಕೂತಿದ್ದ. ಗಿಟಾರಿನ ತಲೆಗೆ ಬಟ್ಟೆಯ ಕ್ಲಿಪ್ಪಿನಂತೆ ಕಚ್ಚಿಕೊಂಡಿದ್ದ ಟ್ಯೂನರಿನ ಬೆಳಕಿನಲ್ಲಿ ಅವನ ಗದ್ದ ಮಾತ್ರ ಕಾಣುತ್ತಿತ್ತು. ಆ ಟ್ಯೂನರು ಗಿಟಾರಿನ ಕಟ್ಟಿಗೆಯ ನಡುಕ ಹಿಡಿದು, ತಂತಿಯ ಸ್ವರವನ್ನು ಇಂಗ್ಲಿಷ್ ಅಕ್ಷರದಲ್ಲಿ ತೋರಿಸುತ್ತದೆ. ಮಗ್ಗಗಳು ನಡೆದರೆ ನೆಲವೇ ನಡುಗಿ ಅದರ ಮುಳ್ಳು ನಿಲ್ಲುವುದಿಲ್ಲ. ಕರೆಂಟು ಹೋಗಲೆಂದೇ ಅವನು ಕಾದಿದ್ದ. ಮುಳ್ಳು ಎಡಕ್ಕಿದ್ದರೆ ಸ್ವರ ಕೆಳಗಿದೆ ಎಂದು ಅರ್ಥ, ಬಿರಡೆ ತಿರುವಿ ತಂತಿ ಬಿಗಿಯಬೇಕು. ನಡುವೆ ನಿಂತರೆ ಹಸಿರು ದೀಪ.

ಐದು ತಂತಿಗಳು ಸರಿಯಾಗಿ ಕೂತಿದ್ದವು. ಉಳಿದದ್ದು ಆರನೆಯದು, ಎಲ್ಲಕ್ಕಿಂತ ದಪ್ಪನೆಯದು. ಅದು ಸಿ, ಡಿ ದಾಟಿ ಇ ಸ್ವರಕ್ಕೆ ಕೂರಬೇಕು.

ಚಿಗವ್ವ ಬಾಗಿಲಲ್ಲಿ ಬಾವಿಯ ಕಡೆ ಕಿವಿಗೊಟ್ಟು ನಿಂತಿದ್ದಳು. ನನ್ನನ್ನು ನೋಡಿದರೂ ಬಾ ಎನ್ನಲಿಲ್ಲ.

"ತಿರುವೋ," ಪಿಸುಗುಟ್ಟಿದಳು. "ಯಾಕ ನಿಲ್ಲಿಸಿದಿ?"

"ಆಗೂದಿಲ್ಲವ್ವಾ."

"ನೀ ತಿರುವಿದಾಗೊಮ್ಮಿ ಅಂವ ಮ್ಯಾಲ ಬರಾಕತ್ತಾನ. ಕೇಳಸೂದಿಲ್ಲೇನು ನಿನಗ?"

"ಕೇಳಸ್ತೈತಿ."

"ಅವತ್ತೂ ನೀ ಹಿಂಗ ನಿಂತಿ, ಹಗ್ಗ ಲಗೂನ ಎಳೀಲಿಲ್ಲ."

ಸೋಮಲಿಂಗ ತಲೆ ತಗ್ಗಿಸಿದ. ಚಿಗವ್ವ ನನ್ನ ಕಡೆ ತಿರುಗಿದಳು.

"ನೀನರ ಹೇಳವಾ. ನಿನ್ನ ಅನುರಾಧಾ ಆಗಿದ್ರ ನೀ ನಿಲ್ಲಿಸ್ತಿದ್ದಿ ಏನು?"

ನನ್ನ ಮಗಳು ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ.

ಸೋಮಲಿಂಗನ ಪಕ್ಕ ಕೂತೆ. ಅವನು ನನ್ನ ಕೈ ಹಿಡಿದು ತನ್ನ ಕಾಲ ಮೇಲಿಟ್ಟ. ಪ್ಯಾಂಟು ಮೊಳಕಾಲಿನವರೆಗೆ ತೊಯ್ದು ಅಂಟಿಕೊಂಡಿತ್ತು. ಚಾಪೆ ಮಾತ್ರ ಒಣಗಿತ್ತು.

"ಅಕ್ಕಾ," ಅವನ ದನಿ ನನಗಷ್ಟೇ ಕೇಳುವಂತಿತ್ತು. "ಟ್ಯೂನರಿನ್ಯಾಗ ಸಿ ತೋರಸಾಕತ್ತಿದ್ದಾಗ ನೀರು ಹಿಮ್ಮಡಿ ಮಟ ಇತ್ತು. ಡಿ ಬಂತು, ಮೊಳಕಾಲಿಗೆ ಏರಿತು. ಇನ್ನ ಇ ಬರೂತನಕ ತಿರುವಬೇಕು... ಅಣ್ಣ ಮ್ಯಾಲ ಬಂದಾಂಗ ನಾ ಒಳಗ ಇಳೀಲಿಕ್ಕತ್ತೇನಿ."

"ಅವ್ವಗ ಹೇಳೋ."

"ಹೆಂಗ ಹೇಳ್ಲಿ? ನಮ್ಮಿಬ್ಬರಾಗ ಯಾರ್ನ ಬ್ಯಾಡ ಅನ್ಬೇಕು ಆಕಿ?"

ಅಷ್ಟರಲ್ಲಿ ಚಿಗವ್ವ ಬಂದು ಗಿಟಾರು ಕಸಿದುಕೊಂಡಳು. ಅವಳಿಗೆ ಆ ಅಕ್ಷರಗಳು ಬರುವುದಿಲ್ಲ. ಆದರೆ ಹುಟ್ಟಿದಾಗಿನಿಂದ ಮಗ್ಗ ಕಂಡವಳು, ಎಳೆ ಬಿಗಿಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ತಂತಿ ಮೀಟಿದಳು. ಧುಂ... ಬಿರಡೆ ತಿರುವಿದಳು.

ಹೊರಗೆ, ಕಿರ್ರ್...

ಟ್ಯೂನರಿನಲ್ಲಿ ಇ ಮೂಡಿತು. ಮುಳ್ಳು ಇನ್ನೂ ಎಡಕ್ಕಿತ್ತು. ಮತ್ತೆ ತಿರುವಿದಳು. ಕಿರ್ರ್... ಈಗ ಅದರೊಂದಿಗೆ ಇನ್ನೊಂದು ಸಪ್ಪಳ. ಟಪ್... ಟಪ್... ಮೇಲಿಂದ ನೀರಿಗೆ ಹನಿ ಬೀಳುವುದು. ಆಮೇಲೆ ಕಬ್ಬಿಣದ ಜಾಲರಿ ಒಮ್ಮೆ ಝಣ್ ಎಂದಿತು. ಕೆಳಗಿನಿಂದ ಯಾರೋ ಬೆರಳು ಹಾಕಿ ಹಿಡಿದ ಹಾಗೆ.

ಸೋಮಲಿಂಗ ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದ. ಅಂಗಿ ಎದೆಯವರೆಗೆ ಕಪ್ಪಾಗಿತ್ತು. ಆದರೂ ಅವ್ವನಿಗೆ ಒಂದು ಮಾತು ಹೇಳಲಿಲ್ಲ.

ನಾನೇ ಹೇಳಿದೆ. "ಚಿಗವ್ವಾ... ಇವನ್ನ ಮುಟ್ಟಿ ನೋಡು."

ಮುಟ್ಟಿದಳು. ಕಾಲು ಮುಟ್ಟಿದಳು, ಎದೆ ಮುಟ್ಟಿದಳು. ಕೈ ಮೂಸಿ ನೋಡಿದಳು. ಬಾವಿಯ ಪಾಚಿಯ ವಾಸನೆ ನನಗೂ ಬಂತು.

ಮುಳ್ಳು ಹಸಿರಿಗೆ ಕೂದಲೆಳೆಯಷ್ಟು ದೂರದಲ್ಲಿತ್ತು. ಅವಳ ಬೆರಳು ಇನ್ನೂ ಬಿರಡೆಯ ಮೇಲೇ ಇತ್ತು.

"ಅವ್ವಾ..."

ಬಾವಿಯ ಕಡೆಯಿಂದ. ಶಂಭುವಿನ ದನಿ. ಅದರಲ್ಲಿ ನನಗೆ ಸಂಶಯವಿಲ್ಲ.

ಚಿಗವ್ವ ಬಾಗಿಲ ಕಡೆ ನೋಡಿದಳು. ಮಲಗಿದ ಕೂಸಿನ ಹತ್ತಿರ ಮಾತಾಡುವಷ್ಟು ಮೆಲ್ಲಗೆ ಅಂದಳು.

"ಬ್ಯಾಡೋ ನನ್ನಪ್ಪಾ... ಇಲ್ಲೆ ನಿನ್ನ ತಮ್ಮ ಅದಾನ."

ಬಿರಡೆಯನ್ನು ಹಿಂದಕ್ಕೆ ತಿರುವತೊಡಗಿದಳು. ತಂತಿ ಪೂರ್ತಿ ಜೋತು ಬೀಳುವವರೆಗೆ ತಿರುವಿದಳು.

ಹೊರಗೆ, ಯಾರೋ ಹಗ್ಗ ಬಿಟ್ಟಂತೆ ರಾಟೆ ತಿರುಗಿತು. ಗರ್ರರ್ರ... ಬಹಳ ಹೊತ್ತು. ಆ ಬಾವಿ ಅಷ್ಟು ಆಳವಿಲ್ಲ. ಆಮೇಲೆ ನಿಂತಿತು.

ಸೋಮಲಿಂಗ ಕೆಮ್ಮಿ ಕೆಮ್ಮಿ ಉಸಿರೆಳೆದುಕೊಂಡ. ಚಿಗವ್ವ ಸೆರಗಿನಿಂದ ಅವನ ಕುತ್ತಿಗೆ ಒರೆಸುತ್ತ, ಕಿವಿ ಮಾತ್ರ ಬಾವಿಯ ಕಡೆಗೇ ಇಟ್ಟಿದ್ದಳು. ಭಾರ ನೀರಿಗೆ ಬೀಳುವ ಸಪ್ಪಳಕ್ಕೆ ಮೂವರೂ ಕಾದೆವು.

ಬರಲಿಲ್ಲ. ಕರೆಂಟು ಬಂದು, ಓಣಿಯ ಮಗ್ಗಗಳೆಲ್ಲ ಶುರುವಾಗುವವರೆಗೂ ಬರಲಿಲ್ಲ. ಮೂವರಲ್ಲಿ ಯಾರನ್ನು ಬೇಕಾದರೂ ಬೇರೆಬೇರೆ ಕೂರಿಸಿ ಕೇಳಿ... ರಾಟೆ ತಿರುಗಿತು, ಭಾರ ಇಳಿಯಿತು. ಅವನು ನೀರಿಗೆ ಬಿದ್ದ ಸಪ್ಪಳ ಬರಲಿಲ್ಲ.