ಬೆರಳು ಜಾರಿ ಬಿಟ್ಟ ಪಿಚರ್

ಥೂ! ಬಾಯ್ತುಂಬ ಕೋಳಿ ರೆಕ್ಕೆ, ಗಡ್ಡದಲ್ಲೆಲ್ಲ ಸಾಸು... ಆ ಬಾಯಲ್ಲೇ ನನಗೆ ನ್ಯಾಯ ಹೇಳ್ತಾನೆ ಕಣೇ ಬರ್ನಡೀನ್, ನಮ್ಮ ಲೀಗಿನ ಆ ಡ್ವೈಟು! "ಲೆಸ್ಟರ್, ಹ್ಯಾಸ್ಕಿನ್ಸ್‌ನ ಬೇಕಂತಲೇ ತಂಡದಿಂದ ಬಿಟ್ಟೆ ನೀನು" ಅಂತ. ಬೇಕಂತ! ಲೀಗಿಗೇ ಒಳ್ಳೇ ಪಿಚರ್‌ನ, ಅಂಥಾ ಚೆಂಡು ಎಸೆಯೋನನ್ನ, ಯಾವನಾದ್ರೂ ಬೇಕಂತ ಬಿಡ್ತಾನಾ? ಇಲ್ಲ, ಕಾಫಿ ಬೇಡ. ಮೊದಲು ಇದನ್ನ ಕೇಳು.

ನಾವೇನು ನಿಜವಾದ ತಂಡದ ಯಜಮಾನರಾ? ಟಿವೀಲಿ ಆಡೋ ಹುಡುಗರ ಹೆಸರು ಹಂಚ್ಕೊಂಡು, ಅವರು ಹೊಡೆದ ರನ್ನು ನಮ್ಮದೂಂತ ಮೆರೆಯೋ ಮುದುಕರು! ಅದಕ್ಕೇ ಇಷ್ಟು ಕೊಬ್ಬು ಅವನಿಗೆ. ಇಡೀ ಟೊಲೀಡೊದಲ್ಲಿ ಇವನೊಬ್ಬನೇ ಬೇಸ್‌ಬಾಲ್ ಕಂಡೋನು!

ಬೆರಳು ಜಾರ್ತು, ಅಷ್ಟೇ. ನನ್ನ ಹತ್ರ ಇಬ್ಬರು ಹ್ಯಾಸ್ಕಿನ್ಸ್. ಒಬ್ಬ ಎಸೆದ್ರೆ ಮುಟ್ಟೋರಿಲ್ಲ, ಇನ್ನೊಬ್ಬ ಮೊಣಕೈ ಮುರ್ಕೊಂಡು ಕೂತಿರೋ ದಂಡಪಿಂಡ. ದಂಡಪಿಂಡನ್ನ ಬಿಡೋಕೆ ಹೋಗಿ ಮೇಲಿನ ಹೆಸರು ಒತ್ಬಿಟ್ಟೆ. ದರಿದ್ರ ಫೋನು! ಬಿಟ್ಟೋನನ್ನ ವಾಪಸ್ ತಗೊಳ್ಳೋ ಹಾಗಿಲ್ಲ. ಎರಡು ದಿನ ವೇವರ್‌ನಲ್ಲಿ, ಅಂದ್ರೆ ಬಿಟ್ಟೋರ ಪಟ್ಟೀಲಿ ಕೂರ್ತಾನೆ, ಎಲ್ಲರಿಗಿಂತ ಕೆಳಗಿರೋ ತಂಡಕ್ಕೆ ಮೊದಲ ಹಕ್ಕು. ಕೆಳಗಿರೋದು ನೀನು, ಅದಕ್ಕೆ ನಾನೇನ್ಮಾಡ್ಲಿ? ಆ ರೂಲು ನಾನು ಬರೆದಿದ್ನಾ?... ಯಾಕೆ ನಗ್ತೀಯ? ಸರಿ, ನಾನೇ ಬರೆದೆ!

ಆದ್ರೆ ಕೊನೇ ಸ್ಥಾನದೋರು ಮುಂದಿನ ವರ್ಷ ಲೀಗಿಂದ ಆಚೆ ಅನ್ನೋದು ಡ್ವೈಟ್ ತಂದ ರೂಲು. ಯಾರನ್ನ ಓಡಿಸೋಕೆ ಅಂತ ಗೊತ್ತಿಲ್ವಾ? ಹೋದ ವರ್ಷ ನೀನು, ಒಬ್ಬ ಹೆಂಗಸು, ನಾವೆಲ್ಲ ಸೇರೋ ಅವನ ಗ್ಯಾರೇಜಲ್ಲೇ ಕೂತು ಅವನನ್ನೇ ಸೋಲಿಸಿದ್ಯಲ್ಲ, ಅದು ಇನ್ನೂ ಉರೀತಿದೆ ಅವನಿಗೆ. ಥೂ, ಎಂಥಾ ಹೊಲಸು ಮನಸ್ಸು!

ಮಧ್ಯಾಹ್ನಕ್ಕೆ ಗಡುವು ಮುಗಿಯುತ್ತೆ. ನೀನು ಕೇಳದಿದ್ರೆ ಮುಂದಿನ ಸರದಿ ಅವಂದೇ. ಹೂಂ, ಗೊತ್ತು, ಸೇರ್ಕೊಂಡು ಆಡಿದ್ರೆ ಇಬ್ಬರನ್ನೂ ಓಡಿಸ್ತಾರೆ. ನಾವೆಲ್ಲಿ ಸೇರ್ಕೊಂಡ್ವಿ? ತಪ್ಪು ನಂದು, ಅದೃಷ್ಟ ನಿಂದು. ಒತ್ತು. ಹಾಂ, ಫೋನ್ ತಗೊಂಡ್ಯಾ, ಒಳ್ಳೇದಾಯ್ತು...

ಅಲ್ಲ, ಅದು ನನ್ನ ತಂಡ. ನನ್ನ ತಂಡ ಯಾಕೆ ನೋಡ್ತೀಯ? ಕೆಳಗೆ ಯಾಕೆ ಹುಡುಕ್ತೀಯ?

ಆ ಇನ್ನೊಬ್ಬ ಹ್ಯಾಸ್ಕಿನ್ಸಾ... ಇದ್ದ. ಇಲ್ಲೇ ಎಲ್ಲೋ... ಅಯ್ಯೋ, ಹಂಗೆ ನೋಡ್ಬೇಡ. ಏಪ್ರಿಲ್‌ನಲ್ಲೇ ಬಿಟ್ಟಿದ್ದೆ ಅವನನ್ನ. ಮರೆತಿದ್ದೆ... ಮರೆತಿದ್ದೆ ಅಂದ್ನಲ್ಲ!

ಬರ್ನಡೀನ್?

ಫೋನ್ ಯಾಕೆ ಬೋರಲು ಹಾಕ್ದೆ? ಬೇಡ್ವಾ? ಆ ಹಂದಿ ಬಾಯಿಗೆ ಹೋಗ್ತಾನೆ ಹ್ಯಾಸ್ಕಿನ್ಸ್! ಮೋಸದ ಗೆಲುವು ಬೇಡ ಅಂತಾನಾ ನಿನ್ನ ಅರ್ಥ? ಸರಿ... ಡ್ವೈಟ್ ಹೇಳಿದ್ದೇ ನಿಜ, ಬೇಕಂತಲೇ ಬಿಟ್ಟೆ. ಥೂ, ನನಗೇ ಅಸಹ್ಯ ಆಗ್ತಿದೆ.

ಪಟ್ಟೀಲಿ ಎಲ್ಲರಿಗಿಂತ ಮೇಲಿದೀನಿ, ಈ ಸಲ ಗೆಲ್ಲೋನೂ ನಾನೇ. ನೀನಿಲ್ಲದ ಲೀಗಲ್ಲಿ ಗೆದ್ದು ನಾನೇನ್ಮಾಡ್ಲಿ, ಹೇಳು?