ದಾರ ಕಚ್ಚುವ ಹೊತ್ತಿನ ಸ್ವರ

ಸಂಗೀತ ಕೇಳುವಾಗ ಮಿದುಳಿನಲ್ಲಿ ಏನಾಗುತ್ತದೆಂದು ಪರೀಕ್ಷಿಸುವ ಕೋಣೆಯ ಹೊರಗೆ ನನ್ನ ಸರದಿಗೆ ಕಾಯುತ್ತಿದ್ದೆ. ಬಾಗಿಲು ತೆರೆದು, ಪರೀಕ್ಷೆ ಮಾಡುವ ಹುಡುಗಿ ಹೊರಬಂದಳು. ಹಿಂದೆಯೇ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡಿದ್ದ ಟೈಲರಮ್ಮ.

“ಅಮ್ಮಾ, ಇವತ್ತೂ ಕೆಡಿಸಿಬಿಟ್ರಿ. ಹಾಡು ನಿಂತಾಗ ಬಾಯಿ ಬಿಡಬಾರದು ಅಂತ ಎಷ್ಟು ಸಲ ಹೇಳ್ಲಿ?”

“ತಡ್ಕೊಳ್ಳೋಕೆ ಆಗ್ಲಿಲ್ಲ ಕಣಮ್ಮ. ಒಂದೇ ಒಂದು ಸ್ವರ ಬಾಕಿ ಇತ್ತು.”

“ಬೇಕಂತ್ಲೇ ಅಲ್ಲಿ ನಿಲ್ಲಿಸ್ತೀವಿ. ಮುಂದೆ ಯಾವ ಸ್ವರ ಬರುತ್ತೆ ಅಂತ ಮಿದುಳು ಮೊದಲೇ ಊಹೆ ಮಾಡಿರುತ್ತೆ. ಅದು ಬರದೇ ಹೋದ್ರೆ ಒಳಗೆ ಏನಾಗುತ್ತೆ ಅಂತ ನಾವು ನೋಡ್ಬೇಕು. ಬೇರೆ ಯಾರೂ ಹೀಗೆ ಹಾಡಲ್ಲ.”

“ಅವರ ಅಕ್ಕಂದಿರು ಪೂರ್ತಿ ಹಾಡ್ತಿದ್ರೇನೋ. ನಮ್ಮಕ್ಕ ಹೊಲೀತಾ ಗುನುಗೋಳು. ಹಾಡು ಕೊನೆಗೆ ಬರೋ ಹೊತ್ತಿಗೆ ಸರಿಯಾಗಿ ಹಲ್ಲಲ್ಲಿ ದಾರ ಕಚ್ಚೋಳು. ಆ ಕೊನೇ ಸ್ವರ ಪಕ್ಕದ ಮಷೀನಿಂದ ನಾನೇ ಹಾಡ್ಬೇಕು. ಮೂವತ್ತು ವರ್ಷ ಹೀಗೇ.”

“ಈಗ?”

“ಈಗ ಅವಳ ಮಷೀನಿಗೆ ಬಟ್ಟೆ ಹೊದಿಸಿದೀನಿ. ರೇಡಿಯೊ ಹಾಕಿದ್ರೆ ಎಲ್ಲಾನೂ ಅದೇ ಹಾಡಿ ಮುಗಿಸಿಬಿಡುತ್ತೆ.”

ಹುಡುಗಿ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು.

“ಬೇಜಾರು ಮಾಡ್ಕೋಬೇಡಿ ಅಮ್ಮಾ. ನಾಳೆಯಿಂದ ಬೇರೆಯವರನ್ನ ಕರೀತೀವಿ.”

ಟೈಲರಮ್ಮ ಮೆಟ್ಟಿಲವರೆಗೆ ಹೋಗಿ ತಿರುಗಿ ನಿಂತರು.

“ಬಾಯಿ ಮುಚ್ಕೊಂಡೇ ಕೂತಿರ್ತೀನಿ ಕಣಮ್ಮ. ನಂಗೆ ಅಂತ ಒಂದು ಸ್ವರ ಉಳಿಸೋರು ಈಗ ಇಲ್ಲಿ ಬಿಟ್ರೆ ಎಲ್ಲೂ ಇಲ್ಲ.”

ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಹೋದರು.